ಮೀನು ಸಿಗದ ದಿನವನ್ನೂ ಬರೆದಿಡಿ

ತಾಳವಾಡಿ ಸೀಮೆಯ ಎಳೆಯ ಗಾಳಗಾರರಿಗೆ ಒಂದು ಬಹಿರಂಗ ಪತ್ರ

ಗುಮಟಾಪುರ
ತಾಳವಾಡಿ ತಾಲ್ಲೂಕು, ಈರೋಡ್ ಜಿಲ್ಲೆ

ಗುಮಟಾಪುರ, ದೊಡ್ಡಗಾಜನೂರು, ಚಿಕ್ಕಹಳ್ಳಿ, ತಲಮಲೆ, ಹಾಸನೂರು ಕಡೆಯ ಕೆರೆಕಟ್ಟೆಗಳಲ್ಲಿ ಗಾಳ ಹಾಕುವ ತಮ್ಮಂದಿರೇ, ತಂಗಿಯರೇ,



ನಿಮ್ಮಲ್ಲಿ ನನ್ನದೊಂದು ಬೇಡಿಕೆ ಇದೆ. ಮುಂದಿನ ಸಲ ಗಾಳದ ಕಡ್ಡಿ ಎತ್ತಿಕೊಂಡು ಕೆರೆಗೆ ಹೊರಡುವಾಗ ಜೊತೆಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಇಟ್ಟುಕೊಳ್ಳಿ. ಹೋದ ಹೊತ್ತು, ಕೂತ ಜಾಗ, ಹಾಕಿದ ಎರೆ, ಬೀಸಿದ ಗಾಳಿ, ಸಿಕ್ಕಿದ ಮೀನು, ಇಷ್ಟನ್ನು ಬರೆಯಿರಿ. ಏನೂ ಸಿಗದೆ ಬರಿಗೈಲಿ ಮನೆಗೆ ಬಂದಿರೋ, ಅವತ್ತಂತೂ ತಪ್ಪದೆ ಬರೆಯಿರಿ. ಹೀಗೆ ಒಂದು ವರ್ಷ ಬರೆದವರು ನಮ್ಮ ನೀರನ್ನು ಹೊಸ ಕಣ್ಣಿನಿಂದ ನೋಡುತ್ತೀರಿ, ಒಳ್ಳೆಯ ಗಾಳಗಾರರೂ ಆಗುತ್ತೀರಿ ಎಂದು ನಾನು ನಂಬಿದ್ದೇನೆ. ಯಾಕೆ ನಂಬಿದ್ದೇನೆ ಎಂದು ಹೇಳುವುದಕ್ಕೇ ಈ ಪತ್ರ.

ಕೆರೆಯ ಏರಿ ಮೇಲೆ ನಿಮ್ಮನ್ನು ನೋಡುತ್ತಲೇ ಇರುತ್ತೇನೆ. ನಿಮ್ಮ ಕೈ ನನ್ನ ಕೈಗಿಂತ ಚುರುಕು. ಟಂಗೂಸ್ ದಾರಕ್ಕೆ ಗಂಟು ಹಾಕುವುದು, ಜೋಳದ ದಂಟಿನ ಬೆಂಡು ಕಟ್ಟುವುದು, ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವುದು, ಯಾವುದನ್ನೂ ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. (ಸೀಸವನ್ನು ಮಾತ್ರ ಹಲ್ಲಿನಲ್ಲಿ ಕಚ್ಚಬೇಡಿ. ಅದು ವಿಷ. ಒಂದು ಚಿಕ್ಕ ಇಕ್ಕಳ ಇಟ್ಟುಕೊಳ್ಳಿ.) ಆದರೆ ಕೆರೆಯಿಂದ ಎದ್ದು ಬರುವಾಗ ದಾರಿಯಲ್ಲಿ ಸಿಕ್ಕವರು “ಏನ್ ಸಿಕ್ತಪ್ಪ?” ಅಂದರೆ ಒಂದೇ ಮಾತಿನಲ್ಲಿ ಮುಗಿಸುತ್ತೀರಿ: ಸಿಕ್ತು, ಇಲ್ಲ ಸಿಗಲಿಲ್ಲ. ಸಿಕ್ಕಿದ್ದು ಯಾಕೆ ಸಿಕ್ಕಿತು, ಸಿಗದಿದ್ದದ್ದು ಯಾಕೆ ಸಿಗಲಿಲ್ಲ ಎಂಬ ಮಾತು ಅಲ್ಲಿಗೇ ಬಿಟ್ಟುಹೋಗುತ್ತದೆ. ಅದೃಷ್ಟ ಎನ್ನುತ್ತೀರಿ, ಕೈಗುಣ ಎನ್ನುತ್ತೀರಿ, ಅಮಾವಾಸ್ಯೆ ಎನ್ನುತ್ತೀರಿ.

ನಮ್ಮ ನೆನಪು ದೊಡ್ಡ ಮೀನನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮೂರು ವರ್ಷದ ಹಿಂದೆ ಹಿಡಿದ ಕೊರವ ಮೀನು ನಿಮಗೆ ಇವತ್ತಿಗೂ ಕಣ್ಣ ಮುಂದೆ ಇರುತ್ತದೆ. ಅದೇ ಜಾಗದಲ್ಲಿ ಅದಾದ ಮೇಲೆ ಸುಮ್ಮನೆ ಕಳೆದ ಎಷ್ಟೋ ಬೆಳಗು ಮರೆತುಹೋಗಿರುತ್ತದೆ. ಹಾಗಾಗಿ ಮತ್ತೆ ಮತ್ತೆ ಅದೇ ಕಲ್ಲಿನ ಮೇಲೆ ಹೋಗಿ ಕೂರುತ್ತೀರಿ. ಸಿಗದ ದಿನವನ್ನೂ ಬರೆಯಿರಿ ಎಂದು ಒತ್ತಿ ಹೇಳುತ್ತಿರುವುದು ಇದಕ್ಕೇ. ಗೆದ್ದ ದಿನಗಳನ್ನಷ್ಟೇ ಬರೆದ ಪುಸ್ತಕದಿಂದ ಏನೂ ತಿಳಿಯುವುದಿಲ್ಲ. ಹತ್ತು ಗೆಲುವು ಎಷ್ಟು ಸೋಲಿನ ನಡುವೆ ಬಂತು ಎಂಬುದು ಅದರಲ್ಲಿ ಇರುವುದೇ ಇಲ್ಲ.

ನನ್ನ ಪುಸ್ತಕ ನನಗೆ ಕಲಿಸಿದ್ದನ್ನು ಸ್ವಲ್ಪ ಹೇಳುತ್ತೇನೆ.

ಬೇಸಿಗೆಯಲ್ಲಿ ನಸುಕಿಗೇ ಎದ್ದು ಹೋದರೆ ಮೀನು ಜಾಸ್ತಿ ಎಂದು ಎಲ್ಲರ ಹಾಗೆ ನಾನೂ ನಂಬಿದ್ದೆ. ಚೈತ್ರ, ವೈಶಾಖದಲ್ಲಿ ನೀರು ಇಳಿದು ಹಸಿರುಗಟ್ಟಿದ ಕೆರೆಯ ಪುಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಸುಕಿನ ಹೊತ್ತು ಬಹುಪಾಲು ಖಾಲಿ. ಗೆಂಡೆ ಮೀನುಗಳು ಕಚ್ಚಲು ಶುರುಮಾಡಿದ್ದು ಬಿಸಿಲು ಏರಿದ ಮೇಲೆ. ಮೊದಲು ಇದು ವಿಚಿತ್ರ ಅನ್ನಿಸಿತು, ಆಮೇಲೆ ಕಾರಣ ತಿಳಿಯಿತು. ನೀರನ್ನು ಹಸಿರು ಮಾಡುವ ಪಾಚಿ ಹಗಲಲ್ಲಿ ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡಿ ಖರ್ಚುಮಾಡುತ್ತದೆ. ಹಸಿರುಗಟ್ಟಿದ ಕೆರೆಯಲ್ಲಿ ಮೀನಿಗೆ ಉಸಿರು ತೀರಾ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಉಸಿರಿಗೇ ಒದ್ದಾಡುವ ಮೀನು ಎರೆ ಮುಟ್ಟುವುದಿಲ್ಲ. ಕೊರವನಿಗೆ ಈ ಕಷ್ಟ ಇಲ್ಲ. ಅದು ಮೇಲೆ ಬಂದು ಗಾಳಿಯನ್ನೇ ನುಂಗುವ ಜಾತಿ. ಒಂದೇ ಕೆರೆಯಲ್ಲಿ, ಒಂದೇ ಹೊತ್ತಿನಲ್ಲಿ, ಗೆಂಡೆಗೆ ಕೆಟ್ಟ ಗಳಿಗೆಯಾದದ್ದು ಕೊರವನಿಗೆ ಹಾಗಲ್ಲ. ಇಷ್ಟನ್ನು ಯಾವುದಾದರೂ ಪುಸ್ತಕದಲ್ಲಿ ಓದಿ ತಿಳಿಯಬಹುದು. ನಮ್ಮ ಕೆರೆ ಯಾವ ತಿಂಗಳಲ್ಲಿ ಹಸಿರುಗಟ್ಟುತ್ತದೆ, ಯಾವ ಮಳೆಗೆ ತಿಳಿಯಾಗುತ್ತದೆ ಎಂಬುದನ್ನು ಮಾತ್ರ ನಾವೇ ಬರೆಯಬೇಕು.

ಇನ್ನೊಂದು, ಗಾಳಿ. ಆಷಾಢದಲ್ಲಿ ನಮ್ಮ ಮೇಲೆ ಪಡುವಣ ಗಾಳಿ ಬಿಡದೆ ಬೀಸುತ್ತದೆ, ನಿಮಗೆ ಗೊತ್ತು. ಗಾಳಿಗೆ ಮುಖ ಕೊಟ್ಟು ಕೂರುವುದು ಕಷ್ಟ, ಕಣ್ಣಿಗೆ ಧೂಳು, ದಾರ ಎಸೆದರೆ ವಾಪಸು ಬರುತ್ತದೆ. ಹಾಗಾಗಿ ಎಲ್ಲರೂ ಗಾಳಿಗೆ ಬೆನ್ನು ಕೊಟ್ಟು ಪಡುವಣ ದಡದಲ್ಲೇ ಕೂರುತ್ತೇವೆ. ಆ ತಿಂಗಳ ಪುಟಗಳು ಹೇಳಿದ್ದು ಬೇರೆ. ಗಾಳಿ ಮೇಲಿನ ನೀರನ್ನು, ಅದರ ಜೊತೆಗೆ ತೇಲುವ ಹುಳುಹುಪ್ಪಟೆಯನ್ನು ಮೂಡಣ ದಡಕ್ಕೆ ತಳ್ಳುತ್ತದೆ. ತಿನ್ನುವ ಮೀನು ಅಲ್ಲಿರುತ್ತದೆ. ಈಗ ಆಷಾಢದಲ್ಲಿ ನಾನು ತಲೆಗೆ ಟವೆಲು ಸುತ್ತಿಕೊಂಡು ಗಾಳಿಗೆ ಎದುರಾಗಿಯೇ ಕೂರುತ್ತೇನೆ.

ಅಮಾವಾಸ್ಯೆಯ ಮಾತನ್ನೂ ಹೇಳಿಬಿಡುತ್ತೇನೆ. “ಅಮಾಸೆ ದಿನ ಮೀನು ಬಾಯಿ ಬಿಡಲ್ಲ” ಎಂದು ಹಿರಿಯರು ಹೇಳಿದ್ದನ್ನು ನಾನು ಕಡೆಗಣಿಸುವವನಲ್ಲ. ಅದಕ್ಕೇ ತಿಥಿಯನ್ನೂ ಬರೆಯುತ್ತಾ ಬಂದೆ. ನನ್ನ ಕೆರೆಯಲ್ಲಿ ಹಗಲು ಗಾಳಕ್ಕೆ ಅಮಾವಾಸ್ಯೆ, ಹುಣ್ಣಿಮೆ ಎಂಬ ಭೇದ ಕಾಣಲಿಲ್ಲ. ನಿಮ್ಮ ಕೆರೆಯಲ್ಲಿ ಕಾಣಬಹುದು. ಬರೆದು ನೋಡಿ, ಆಮೇಲೆ ಮಾತಾಡೋಣ.

ಏನು ಬರೆಯಬೇಕು ಎಂದು ಕೇಳುತ್ತೀರಿ. ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರ ಬರೆಯಿರಿ. ನಮ್ಮ ಅಪ್ಪಂದಿರು ರಾಗಿ ಬಿತ್ತಿದ್ದು ರೋಹಿಣಿ, ಮೃಗಶಿರ, ಆರಿದ್ರದ ಲೆಕ್ಕದಲ್ಲಿ. ಕೆರೆ ತುಂಬುವುದೂ ಅದೇ ಲೆಕ್ಕದಲ್ಲಿ. ‘ಅಕ್ಟೋಬರ್ 15’ ಎಂಬುದಕ್ಕಿಂತ ‘ಚಿತ್ತೆ ಮಳೆ, ಕೋಡಿ ಹತ್ತಿರ ಕೆಂಪು ನೀರು’ ಎಂಬುದು ಮುಂದಿನ ವರ್ಷ ಹೆಚ್ಚು ಉಪಯೋಗಕ್ಕೆ ಬರುತ್ತದೆ. ದೀಪಾವಳಿ, ಅದರ ಬೆನ್ನಿಗೇ ಬರುವ ನಮ್ಮೂರ ಗೊರೆಹಬ್ಬದ ವಾರವನ್ನು ಬಿಡದೆ ಗುರುತು ಮಾಡಿ. ಹಿಂಗಾರು ನಮಗೆ ದೊಡ್ಡ ಮಳೆ, ಆ ವಾರಗಳಲ್ಲಿ ಹೊಸ ನೀರು ಬಂದರೆ ಮೀನು ಕಾಲುವೆಯ ಬಾಯಿಗೆ ಸೇರುತ್ತದೆ.

ಎಷ್ಟು ಹೊತ್ತಿಗೆ ದಾರ ನೀರಿಗೆ ಬಿಟ್ಟಿರಿ, ಎಷ್ಟಕ್ಕೆ ಎತ್ತಿದಿರಿ ಎಂಬುದನ್ನು ಮರೆಯಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಆರು ಗಂಟೆ ಕೂತು ಆರು ಜಿಲೇಬಿ ಮೀನು ಹಿಡಿದವನು ತಾನು ಗೆದ್ದೆ ಎಂದುಕೊಳ್ಳುತ್ತಾನೆ. ಒಂದೂವರೆ ಗಂಟೆ ಕೂತು ಮೂರು ಹಿಡಿದವಳು ಅವನಿಗಿಂತ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ಹುಡುಕಿದ್ದಾಳೆ: ಅವನಿಗೆ ಗಂಟೆಗೆ ಒಂದು, ಅವಳಿಗೆ ಗಂಟೆಗೆ ಎರಡು. ಹೊತ್ತು ಬರೆಯದಿದ್ದರೆ ಈ ಲೆಕ್ಕ ಸಿಗುವುದಿಲ್ಲ.

ಎರೆ ಎರೆಹುಳುವೋ, ರಾಗಿ ಹಿಟ್ಟಿನ ಉಂಡೆಯೋ, ಕಡಲೆಕಾಯಿ ಹಿಂಡಿಯೋ ಬರೆಯಿರಿ. ಗಾಳದ ನಂಬರು ಬರೆಯಿರಿ. ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು ಎಂಬುದು ಅಂಗಡಿಯಲ್ಲಿ ಹೊಸಬರನ್ನು ಗಲಿಬಿಲಿ ಮಾಡುತ್ತದೆ, ತಿಳಿದಿರಲಿ. ಬೆಂಡಿನಿಂದ ಗಾಳದವರೆಗೆ ಎಷ್ಟು ಗೇಣು ದಾರ ಬಿಟ್ಟಿರಿ ಬರೆಯಿರಿ. ನೀರಿನ ತಿಳಿ ಅಳೆಯುವುದಕ್ಕೆ ಒಂದು ಬಿಳಿ ತಟ್ಟೆಗೆ ತೂಕ ಕಟ್ಟಿ ದಾರದಲ್ಲಿ ಇಳಿಬಿಡಿ, ಅದು ಕಣ್ಣಿಗೆ ಮರೆಯಾದ ಆಳವನ್ನು ಗೇಣಿನಲ್ಲಿ ಬರೆಯಿರಿ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಸಮುದ್ರದ ನೀರನ್ನು ಅಳೆದದ್ದು ಇಂಥದೇ ಬಿಳಿ ತಟ್ಟೆಯಿಂದ, ಇವತ್ತಿಗೂ ವಿಜ್ಞಾನಿಗಳು ಕೆರೆ ಸರೋವರದ ತಿಳಿ ಅಳೆಯಲು ಅಂಥ ತಟ್ಟೆಯನ್ನು ಬಳಸುತ್ತಾರೆ. ಮೀನನ್ನು ತೂಗಲು ತಕ್ಕಡಿ ಬೇಕಿಲ್ಲ, ಕಡ್ಡಿಯ ಮೇಲೆ ಚಾಕುವಿನಲ್ಲಿ ಗೆರೆ ಕೊರೆದು ಮೂತಿಯಿಂದ ಬಾಲದ ಕವಲಿನವರೆಗೆ ಅಳೆದರೆ ಸಾಕು. ಸಾರಿಗೆಂದು ಮನೆಗೆ ತಂದ ಮೀನನ್ನು ಸೀಳುವಾಗ ಅಮ್ಮನ ಪಕ್ಕದಲ್ಲಿ ಕೂತು ಹೊಟ್ಟೆಯೊಳಗೆ ಏನಿದೆ ನೋಡಿ. ಸಿಗಡಿಯೋ, ಪಾಚಿಯೋ, ಗೊದಮೊಟ್ಟೆಯೋ? ನಾಳೆ ಹಾಕಬೇಕಾದ ಎರೆಯನ್ನು ಆ ಮೀನೇ ಹೇಳುತ್ತದೆ.

ಫೋನಿನಲ್ಲಿ ಫೋಟೊ ತೆಗೆಯುತ್ತೀವಲ್ಲ, ಅದು ಸಾಲದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಫೋಟೊ ತೆಗೆಯಿರಿ, ಬೇಡ ಎನ್ನುವುದಿಲ್ಲ. ಆದರೆ ನಿಮ್ಮ ಫೋನು ತೆರೆದು ನೋಡಿ: ಅಲ್ಲಿರುವುದೆಲ್ಲ ಸಿಕ್ಕ ಮೀನುಗಳೇ. ಖಾಲಿ ಕೈಯ ಫೋಟೊ ಯಾರೂ ತೆಗೆಯುವುದಿಲ್ಲ. ಬರೆಯುವುದಕ್ಕೆ ಪೆನ್ಸಿಲೇ ಯಾಕೆ ಎಂದರೆ, ಒದ್ದೆ ಬೆರಳಿಗೆ ಪೆನ್ನಿನ ಶಾಯಿ ಹರಡುತ್ತದೆ. ಕನ್ನಡದಲ್ಲಿ ಬರೆಯಿರಿ ಎಂದು ನನ್ನ ಆಸೆ. ಶಾಲೆಯಲ್ಲಿ ತಮಿಳು ಕಲಿತು ಕನ್ನಡ ಅಕ್ಷರ ಓಡದವರು ತಮಿಳಿನಲ್ಲೇ ಬರೆಯಿರಿ. ನಮ್ಮ ಮನೆಗಳಲ್ಲಿ ಎರಡೂ ಇದೆ, ಓದುವವರು ಸಿಕ್ಕೇ ಸಿಗುತ್ತಾರೆ.

ಈಗ ಒಂದು ದೊಡ್ಡ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಬಿದ್ದ ಮಳೆ ಎತ್ತ ಹೋಗುತ್ತದೆ ಎಂದು ಯೋಚಿಸಿದ್ದೀರಾ? ಬಡಗಲಾಗಿ ಹರಿದದ್ದು ಚಿಕ್ಕಹೊಳೆ, ಸುವರ್ಣಾವತಿ ಸೇರಿ ಚಾಮರಾಜನಗರದ ಜಲಾಶಯಗಳನ್ನು ತುಂಬಿ, ಕೊಳ್ಳೇಗಾಲದ ಕಡೆ ಕಾವೇರಿಗೆ ಕೂಡುತ್ತದೆ. ಅಲ್ಲಿಂದ ಶಿವನಸಮುದ್ರದಲ್ಲಿ ಧುಮುಕಿ ಭೀಮೇಶ್ವರಿ, ಗಾಲಿಬೋರೆಯ ಕಾಡಿನ ನಡುವೆ ಹರಿಯುತ್ತದೆ. ಆ ಗಾಲಿಬೋರೆಯಲ್ಲಿ ಒಂದು ಗಾಳದ ಶಿಬಿರ ಇತ್ತು. ದೇಶ ವಿದೇಶದಿಂದ ಜನ ಮಹಶೀರ್ ಎಂಬ ದೊಡ್ಡ ಹೊಳೆಮೀನು ಹಿಡಿಯಲು ಬರುತ್ತಿದ್ದರು. ಊರಿನ ಗೈಡುಗಳು ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಹಾಕಿಕೊಡುತ್ತಿದ್ದರು. ಹಿಡಿದ ಮೀನನ್ನು ಅಳೆದು ನೀರಿಗೇ ಬಿಡಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಯಾರು ಎಷ್ಟು ಗಂಟೆ ಗಾಳ ಹಾಕಿದರು, ಯಾವ ಬಗೆಯ ಮಹಶೀರ್ ಸಿಕ್ಕಿತು, ತೂಕ ಎಷ್ಟು ಎಂದು ಶಿಬಿರದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮುಂದೊಂದು ದಿನ ಇದು ವಿಜ್ಞಾನವಾಗುತ್ತದೆ ಎಂದು ಅದನ್ನು ಬರೆದವರು ಎಣಿಸಿರಲಾರರು.

ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ ಎಂಬ ಮೂವರು ವಿಜ್ಞಾನಿಗಳು 1998ರಿಂದ 2012ರವರೆಗಿನ ಆ ಲೆಕ್ಕವನ್ನು ಎತ್ತಿಕೊಂಡು ಕೂತರು. 23,000 ಗಂಟೆಗೂ ಮೀರಿದ ಗಾಳ, 6,000ಕ್ಕೂ ಹೆಚ್ಚು ಮೀನು. 2015ರಲ್ಲಿ ಅವರು ಪ್ರಕಟಿಸಿದ ಲೇಖನಗಳನ್ನು ಓದಿದರೆ ಎದೆ ಭಾರವಾಗುತ್ತದೆ. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಬರೀ ಅಷ್ಟನ್ನು ನೋಡಿದವರು ಹೊಳೆ ಚೆನ್ನಾಗಿದೆ ಎಂದೇ ಹೇಳುತ್ತಿದ್ದರು. ಆದರೆ ಬಗೆಯನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದ ನಿಜ ಹೊರಗೆ ಬಿತ್ತು. ಹೆಚ್ಚಾಗಿದ್ದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಬೆನ್ನು ಉಬ್ಬಿದ ದೊಡ್ಡ ಮಹಶೀರ್ ಕಡಿಮೆಯಾಗುತ್ತಾ ಆಗುತ್ತಾ ಕಾಣದಂತಾಗಿತ್ತು. ಅಷ್ಟು ಹೆಸರಾದ ಮೀನಿಗೆ ಆಗಿನ್ನೂ ಸರಿಯಾದ ವೈಜ್ಞಾನಿಕ ಹೆಸರು ಕೂಡ ಗೊತ್ತಾಗಿರಲಿಲ್ಲ. 2018ರಲ್ಲಿ ಅದು ಟೋರ್ ರೆಮದೇವಿ ಎಂದು ಗುರುತಿಸಿದರು. ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ಸಾಲಿಗೆ ಸೇರಿತು. ಗಾಳಗಾರರ ಪುಸ್ತಕ ಇರದಿದ್ದರೆ ಆ ಹೊಳೆಯಲ್ಲಿ ಏನು ನಡೆಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಆ ಮೀನು ಇನ್ನೂ ಉಳಿದಿರುವ ಕೆಲವೇ ತಾವುಗಳಲ್ಲಿ ಮೋಯಾರ್ ಹೊಳೆ ಒಂದು. ಮೋಯಾರ್ ಎಲ್ಲಿದೆ? ನಮ್ಮ ತೆಂಕಲಿಗೆ, ತಲಮಲೆ ಕಾಡಿನ ಆಚೆಯ ಕಣಿವೆಯಲ್ಲಿ. ಕಾವೇರಿ, ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಸಿಗದ ಮೀನು ನಮ್ಮ ನೆರೆಯಲ್ಲೇ ಇದೆ. ಆ ನೀರಿಗೆ ಗಾಳ ಹಾಕಬೇಡಿ, ಇದು ನನ್ನ ಕೈಮುಗಿದ ಬೇಡಿಕೆ. ನಮ್ಮ ಕಾಡು 2008ರಲ್ಲಿ ಅಭಯಾರಣ್ಯವಾಯಿತು, 2013ರಲ್ಲಿ ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರೊಳಗೆ ಮೀನು ಹಿಡಿಯುವುದು ಕಾನೂನಿಗೂ ವಿರುದ್ಧ, ನಮ್ಮ ಮಕ್ಕಳಿಗೂ ದ್ರೋಹ. ಊರ ಕೆರೆಗಳಿವೆ, ಅಲ್ಲಿ ಹಾಕೋಣ. ಕೆರೆಯ ಮೀನು ಹಕ್ಕು ಯಾರದು ಎಂದು ಮೊದಲು ಕೇಳಿಕೊಂಡು, ಗುತ್ತಿಗೆ ಹಿಡಿದವರು ಇದ್ದರೆ ಅವರ ಒಪ್ಪಿಗೆ ಪಡೆದು ಹಾಕೋಣ. ಗಡಿ ದಾಟಿ ಕರ್ನಾಟಕದ ಚಿಕ್ಕಹೊಳೆ, ಸುವರ್ಣಾವತಿ ಜಲಾಶಯಕ್ಕೆ ಹೋಗುವವರು ಅಲ್ಲಿನ ಮೀನುಗಾರಿಕೆ ಇಲಾಖೆಯ ನಿಯಮ ಕೇಳಿಕೊಂಡೇ ಹೋಗಿ.

ಗಾಲಿಬೋರೆಯ ಪುಸ್ತಕ ಹೇಳಿದ್ದು ನಮ್ಮ ಕೆರೆಗಳಿಗೂ ಹೊಂದುತ್ತದೆ, ಇಲ್ಲೂ ಹೊರಗಿನಿಂದ ತಂದು ಬಿಟ್ಟ ಮೀನುಗಳಿವೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಅವು ಮೊಟ್ಟೆಯಿಡುವಂತೆ ಮಾಡಿದ ಮೇಲೆ ಮೀನುಮರಿ ಎಲ್ಲ ಕಡೆ ದೊರೆಯುವಂತಾಯಿತು. ನಮ್ಮ ಕೆರೆಯ ಕಾಟ್ಲಾ ಎಂದರೆ ಯಾರೋ ತಂದು ಬಿಟ್ಟ ಮರಿಯೇ. ಯಾವ ವರ್ಷ ಬಿಟ್ಟರು, ಎಷ್ಟು ದಿನದಲ್ಲಿ ಎಷ್ಟು ಗೇಣು ಬೆಳೆಯಿತು ಎಂಬುದು ನಿಮ್ಮ ಪುಸ್ತಕದಲ್ಲಿ ಇದ್ದರೆ ಮುಂದಿನ ಸಲ ಮರಿ ಬಿಡಿಸುವ ಪಂಚಾಯಿತಿಯವರಿಗೆ ಅದರಷ್ಟು ಒಳ್ಳೆಯ ಸಲಹೆ ಬೇರೆ ಇಲ್ಲ. ಸರ್ಕಾರ ಸಾಕಣೆ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಕ್ಕೆ ಬಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ನೀರಿಗೆ ವಾಪಸು ಬಿಡಬೇಡಿ. ಚಿಕ್ಕಂದಿನಲ್ಲಿ ನಾವು ಕಾಣುತ್ತಿದ್ದ ಪಕ್ಕೆ, ಗಿರ್ಲು, ಚೇಳು ಮೀನು ಯಾವ ಕೆರೆಯಲ್ಲಿ ಇನ್ನೂ ಇವೆ? ಅಂದಾಜಿನಲ್ಲಿ ಉತ್ತರ ಹೇಳುವವರು ನೂರು ಜನ ಇದ್ದಾರೆ. ಬರೆದಿಟ್ಟವರು ಬೇಕು.

ಬರೆದಿಟ್ಟ ಮಾತಿಗೆ ಆಯಸ್ಸು ಜಾಸ್ತಿ. ಮೈಸೂರಿನಲ್ಲಿ ಬೇಟೆಯ ಪ್ರಾಣಿಗಳ ಚರ್ಮ ಹದಮಾಡುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಒಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಇವತ್ತಿಗೂ ಗಾಳಗಾರರು ಆ ಲೆಕ್ಕವನ್ನು ಬಾಯಲ್ಲಿ ಹೇಳುತ್ತಾರೆ. ಅದಕ್ಕಿಂತ ದೊಡ್ಡದನ್ನು ಹೊಳೆದಂಡೆಯ ನಮ್ಮ ಬೆಸ್ತರು, ಸೋಲಿಗರು ಎಷ್ಟು ಸಲ ಕಂಡಿದ್ದರೋ. ಅವರ ಕಣ್ಣು, ಅವರ ತಿಳಿವಳಿಕೆ ಯಾರಿಗೂ ಕಡಿಮೆ ಇರಲಿಲ್ಲ. ಅವರ ಕೈಯಲ್ಲಿ ಪುಸ್ತಕ ಇರಲಿಲ್ಲ, ಅಷ್ಟೆ. ನಿಮ್ಮ ಕೈಯಲ್ಲಿ ಇದೆ. ಇದು ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಇರುವ ಮಾತು.

ಹಾಗಾಗಿ ಇನ್ನೊಂದು ಕೆಲಸವನ್ನೂ ನಿಮಗೆ ಒಪ್ಪಿಸುತ್ತೇನೆ. ಪುಸ್ತಕದ ಹಿಂದಿನ ಪುಟಗಳನ್ನು ಹಿರಿಯರಿಗೆ ಬಿಡಿ. ಜಗಲಿ ಮೇಲೆ ಕೂತ ತಾತನನ್ನು, ಮಾವನನ್ನು ಕೇಳಿ: ಕೆರೆ ಯಾವ ವರ್ಷ ಕೋಡಿ ಬಿದ್ದಿತ್ತು, ಯಾವ ವರ್ಷ ಬತ್ತಿ ಬಿರುಕು ಬಿಟ್ಟಿತ್ತು, ಆಗ ಯಾವ ಮೀನು ಇತ್ತು, ಅದನ್ನು ಏನೆಂದು ಕರೆಯುತ್ತಿದ್ದರು. ಅವರು ಹೇಳಿದ್ದನ್ನು ತಿದ್ದದೆ, ಹೇಳಿದ ಹಾಗೇ ಬರೆದು, ಕೆಳಗೆ ಅವರ ಹೆಸರು ಹಾಕಿ. ಹಿರಿಯರೇ, ನೀವೂ ಈ ಪತ್ರ ಓದುತ್ತಿದ್ದರೆ, ಮಕ್ಕಳು ಪೆನ್ಸಿಲು ಹಿಡಿದು ಬಂದಾಗ ದಯವಿಟ್ಟು ಅರ್ಧ ಗಂಟೆ ಕೊಡಿ.

ಕೊರವ ತನ್ನ ಕೆಂಪು ಮರಿಗಳ ಗುಂಪನ್ನು ಕಾಯುತ್ತಾ ತಿರುಗುವ ದಿನಗಳಲ್ಲಿ ಅದಕ್ಕೆ ಗಾಳ ಹಾಕಬೇಡಿ. ಆ ತಾಯಿ ತಂದೆಯನ್ನು ಎತ್ತಿದರೆ ಮರಿಗಳೆಲ್ಲ ಉಳಿದ ಮೀನಿನ ಪಾಲು. ಮರಿಗುಂಪು ಕಂಡ ತಾರೀಖು, ಜಾಗ ಬರೆದುಕೊಂಡು ಬೇರೆ ಕಡೆ ಹೋಗಿ. ಇಂಥ ಪುಟವನ್ನು ನಾನು ಹಿಡಿದ ಮೀನಿನ ಪುಟಕ್ಕಿಂತ ಹೆಚ್ಚು ಅಕ್ಕರೆಯಿಂದ ತೆರೆದು ನೋಡುತ್ತೇನೆ.

ಕಡೆಯದಾಗಿ, ಆನೆಯ ಮಾತು. ನಮ್ಮ ಕೆರೆಗಳು ನಮ್ಮೊಬ್ಬರವಲ್ಲ ಎಂಬುದು ಕೋಸಿನ ಹೊಲ, ಜೋಳದ ಹೊಲ ಕಾಯ್ದ ಯಾರಿಗೂ ಹೇಳಬೇಕಾಗಿಲ್ಲ. ಹೊತ್ತು ಇಳಿಯುವ ಮೊದಲೇ ದಾರ ಸುತ್ತಿಬಿಡಿ. ಕಾಡಂಚಿನ ಕೆರೆಗೆ ಒಬ್ಬರೇ ಹೋಗಬೇಡಿ. ಆನೆಯ ಹೆಜ್ಜೆ, ಹಸಿ ಲದ್ದಿ ಕಂಡರೆ ಅದನ್ನೂ ಬರೆಯಿರಿ. ಯಾವ ತಿಂಗಳಲ್ಲಿ ಯಾವ ಕೆರೆಗೆ ಆನೆ ಇಳಿಯುತ್ತದೆ ಎಂಬ ಲೆಕ್ಕ ನಿಮ್ಮ ಪುಸ್ತಕದಲ್ಲಿ ಇದ್ದರೆ ಬೇರೆಯವರ ಜೀವವೂ ಉಳಿಯುತ್ತದೆ. ಹರಿದ ಟಂಗೂಸ್ ದಾರವನ್ನು ದಡದಲ್ಲಿ ಬಿಡದೆ ಜೇಬಿನಲ್ಲಿ ತನ್ನಿ. ಅದು ಕೊಕ್ಕರೆಯ ಕಾಲಿಗೆ, ದನದ ಬಾಯಿಗೆ ಸಿಕ್ಕುತ್ತದೆ.

ಗೊರೆಹಬ್ಬಕ್ಕೆ ಎಲ್ಲೆಲ್ಲೋ ದುಡಿಯಲು ಹೋದವರೆಲ್ಲ ಊರಿಗೆ ಬರುತ್ತೀರಿ. ಬೆಂಗಳೂರು, ಮೈಸೂರು, ಕೊಯಮತ್ತೂರು, ತಿರುಪ್ಪೂರಿನಿಂದ ಬರುವವರು ಅಲ್ಲಿನ ಕೆರೆಯಲ್ಲಿ ಗಾಳ ಹಾಕಿದ್ದರೆ ಅದರ ಪುಸ್ತಕವನ್ನೂ ತನ್ನಿ. ಬರುವ ಹಬ್ಬದ ಮಾರನೆಯ ಬೆಳಿಗ್ಗೆ ನಾನು ನನ್ನ ಪುಸ್ತಕಗಳನ್ನೆಲ್ಲ ಹಿಡಿದುಕೊಂಡು ಏರಿ ಮೇಲೆ ಕೂತಿರುತ್ತೇನೆ. ಯಾರು ಬೇಕಾದರೂ ತೆರೆದು ನೋಡಬಹುದು, ನಕಲು ಮಾಡಿಕೊಳ್ಳಬಹುದು. ನಾನು ಎಲ್ಲಿ ಕೂರುತ್ತೇನೆ, ಯಾವ ಎರೆ ಹಾಕುತ್ತೇನೆ ಎಂಬುದರಲ್ಲಿ ಬಚ್ಚಿಡುವಂಥದು ಏನೂ ಇಲ್ಲ. ಪುಸ್ತಕ ಇನ್ನೂ ಶುರುಮಾಡದವರಿಗೆ ಗೆರೆ ಹಾಕಿದ ಹೊಸ ನೋಟ್‌ಬುಕ್ಕುಗಳನ್ನು ತಂದಿರುತ್ತೇನೆ. ಮೊದಲ ಪುಟವನ್ನು ಅಲ್ಲೇ, ಅವತ್ತಿನ ಗಾಳಿ ನೀರು ನೋಡಿ ಬರೆಯೋಣ.

ಇಂತಿ,
ನಿಮ್ಮ ಹಿತ ಬಯಸುವ
ಗುಮಟಾಪುರದ ಒಬ್ಬ ಗಾಳಗಾರ